ಕರೆ, ಓಗೊಡುವಿಕೆ, ಹೂಂಗುಟ್ಟುವಿಕೆ: ಕಚೇರಿ ಸಂವಹನ ತಂತ್ರಾಂಶಗಳ ಹೊಸ ಕರೆ ಸೌಲಭ್ಯಗಳು ಮತ್ತು ಕನ್ನಡ ಮಾತುಕತೆ

'ಕರೆ' ಎಂಬುದು ಕನ್ನಡದಲ್ಲಿ ನಾಮಪದವೂ ಹೌದು, ಧಾತುವೂ ಹೌದು. ಅದರ ಜೊತೆಗಾರ ಪದ 'ಓಗೊಡು'. ಯಾರೋ ಹೆಸರು ಹಿಡಿದು ಕೂಗಿದಾಗ 'ಓ' ಎಂದು ಮರುದನಿ ಕೊಡುವ ಅತಿ ಸಣ್ಣ ಕ್ರಿಯೆಗೆ ಈ ಭಾಷೆ ಒಂದು ಪ್ರತ್ಯೇಕ ಕ್ರಿಯಾಪದವನ್ನೇ ಇಟ್ಟುಕೊಂಡಿದೆ. 'ಕರೆಗೆ ಓಗೊಟ್ಟು' ಎಂದು ಭಾಷಣಗಳಲ್ಲಿ ರೂಪಕವಾಗಿ ಬಳಕೆಯಾಗುತ್ತ ಬಂದುದರಿಂದ ಅದರ ಮೂಲಾರ್ಥ ಇಂದು ತುಸು ಮಸುಕಾಗಿದೆ. ಆದರೆ ಓಗೊಡುವಿಕೆ ಮಾತುಕತೆಯ ಹೊಸ್ತಿಲು. ಓಗೊಟ್ಟ ಮೇಲೆ ಮಾತು ಆರಂಭವಾಗುತ್ತದೆ. ಓಗೊಡದಿದ್ದರೆ ಅದೂ ಒಂದು ನಡೆಯೇ ಆಗುತ್ತದೆ. ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದಾರೋ, ಮುನಿಸೋ ಎಂಬ ಊಹೆಗೆ ಅದು ಎಡೆಮಾಡಿಕೊಡುತ್ತದೆ.

ಸಂಭಾಷಣಾ ವಿಶ್ಲೇಷಣೆಯ ಪ್ರವರ್ತಕರಲ್ಲೊಬ್ಬರಾದ ಎಮ್ಯಾನುಯೆಲ್ ಶೆಗ್ಲಾಫ್ ಇದೇ ಸಂಗತಿಯನ್ನು ದೂರವಾಣಿಯ ಮೂಲಕ ಕಂಡುಕೊಂಡರು. 1968ರಲ್ಲಿ ಪ್ರಕಟವಾದ ಅವರ ಲೇಖನ ಸುಮಾರು 500 ದೂರವಾಣಿ ಕರೆಗಳ ಆರಂಭವನ್ನು ಪರಿಶೀಲಿಸಿತ್ತು. ಕರೆ ಸ್ವೀಕರಿಸಿದವರೇ ಮೊದಲು ಮಾತನಾಡುತ್ತಾರೆ ಎಂಬುದು ಅವರು ಮೊದಲು ಗುರುತಿಸಿದ ನಿಯಮ. ಒಂದೇ ಒಂದು ಕರೆ ಆ ನಿಯಮಕ್ಕೆ ಹೊಂದಲಿಲ್ಲ. ಅದನ್ನು ಅಪವಾದವೆಂದು ಬದಿಗಿಡದೆ ಶೆಗ್ಲಾಫ್ ನಿಯಮವನ್ನೇ ಮತ್ತೆ ಕಟ್ಟಿದರು: ದೂರವಾಣಿಯ ಗಂಟೆಯೇ ಮೊದಲ ಮಾತು, 'ಹಲೋ' ಎಂಬುದು ಅದಕ್ಕೆ ಕೊಟ್ಟ ಉತ್ತರ. ಕನ್ನಡದ ಮಾತಿನಲ್ಲಿ ಹೇಳುವುದಾದರೆ ಗಂಟೆ ಕರೆಯುತ್ತದೆ, 'ಹಲೋ' ಓಗೊಡುತ್ತದೆ. ಅಮೆರಿಕದ ವಿದ್ವಾಂಸರೊಬ್ಬರು ಧ್ವನಿಮುದ್ರಿಕೆಗಳನ್ನು ಮುಂದಿಟ್ಟುಕೊಂಡು ಸಾಧಿಸಿದ ಜೋಡಿಯನ್ನು ಕನ್ನಡದ ಪದಕೋಶ ಮೊದಲೇ ಗುರುತಿಸಿಕೊಂಡಿತ್ತು ಎಂಬುದು ಕೇವಲ ಅಭಿಮಾನದ ಮಾತಲ್ಲ. ಮುಂದಿನ ಚರ್ಚೆಗೆ ಅದೊಂದು ವಿಶ್ಲೇಷಣೆಯ ಉಪಕರಣವೂ ಆಗಬಲ್ಲದು.

ಕಳೆದ ಒಂದು ದಶಕದಲ್ಲಿ ಕಚೇರಿಗಳ ಮಾತುಕತೆ ಹೆಚ್ಚಾಗಿ ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್, ಜೂಮ್, ಗೂಗಲ್ ಮೀಟ್ ಮೊದಲಾದ ತಂತ್ರಾಂಶಗಳೊಳಗೆ ನಡೆಯತೊಡಗಿದೆ. ಇವುಗಳಿಗೆ ಒಂದರ ಮೇಲೊಂದರಂತೆ ಹೊಸ ಕರೆ ಸೌಲಭ್ಯಗಳು ಸೇರುತ್ತಿವೆ. ಇವುಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ತಾಂತ್ರಿಕ ಮಾಹಿತಿಯ ಮಟ್ಟದಲ್ಲಿ ನಿಲ್ಲುತ್ತವೆ. ಆದರೆ ಪ್ರತಿಯೊಂದು ಸೌಲಭ್ಯವೂ ಯಾರು ಯಾವಾಗ ಮಾತನಾಡಬಹುದು, ಕೇಳುವವರು ಕೇಳುತ್ತಿದ್ದಾರೆಂದು ಹೇಗೆ ತೋರಿಸಬೇಕು, ಆಡಿದ ಮಾತಿನಲ್ಲಿ ಯಾವುದು ಉಳಿಯಬೇಕು ಎಂಬುದನ್ನು ಗೊತ್ತುಮಾಡುತ್ತದೆ. ಆದ್ದರಿಂದ ಇದು ಭಾಷಾಧ್ಯಯನದ ವಿಷಯವೂ ಹೌದು. ಈ ಸೌಲಭ್ಯಗಳು ಕನ್ನಡ ಮಾತುಕತೆಯ ವಿನ್ಯಾಸವನ್ನು ಎಲ್ಲೆಲ್ಲಿ ಮುಟ್ಟುತ್ತವೆ ಮತ್ತು ಆ ಮುಟ್ಟುವಿಕೆಯಲ್ಲಿ ಕನ್ನಡದಲ್ಲಿ ಮಾತನಾಡುವ ಉದ್ಯೋಗಿಗೆ ಆಗುವ ನಷ್ಟವೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ಉದಾಹರಣೆಯಾಗಿ ಕೊಟ್ಟಿರುವ ವಾಕ್ಯಗಳು ಯಾವುದೇ ನಿರ್ದಿಷ್ಟ ಸಂಸ್ಥೆಯ ದಾಖಲೆಯಿಂದ ಆಯ್ದವಲ್ಲ. ಬೆಂಗಳೂರಿನಂತಹ ನಗರದ ಕಚೇರಿಗಳಲ್ಲಿ ದಿನವೂ ಕೇಳಿಬರುವ ಬಗೆಯ ಮಾತನ್ನು ವಿವರಣೆಗಾಗಿ ರಚಿಸಿಕೊಳ್ಳಲಾಗಿದೆ.

1. ಗಂಟೆಯಿಲ್ಲದ ಕರೆ

2003ರಲ್ಲಿ ಬಂದ ಸ್ಕೈಪ್ ಅಂತರ್ಜಾಲದ ಮೂಲಕ ಮಾತನಾಡುವುದನ್ನು ಜನಸಾಮಾನ್ಯರಿಗೆ ಪರಿಚಯಿಸಿತು. ಅದು ದೂರವಾಣಿಯ ಅನುಕರಣೆಯೇ ಆಗಿತ್ತು: ಗಂಟೆ ಬಾರಿಸುತ್ತಿತ್ತು, ಎತ್ತಬೇಕಾಗಿತ್ತು, ಇಡಬೇಕಾಗಿತ್ತು. (ಆ ಸೇವೆ 2025ರ ಮೇ ತಿಂಗಳಲ್ಲಿ ನಿಂತುಹೋಯಿತು.) 2014ರಲ್ಲಿ ಸಾರ್ವಜನಿಕ ಬಳಕೆಗೆ ಬಂದ ಸ್ಲ್ಯಾಕ್ ಮೂಲತಃ ಬರಹದ ಮಾತುಕತೆಯ ತಂತ್ರಾಂಶ, ಕರೆಯ ಸೌಲಭ್ಯ ಅದಕ್ಕೆ 2016ರಲ್ಲಿ ಸೇರಿತು. 2016ರ ನವೆಂಬರ್‌ನಲ್ಲಿ ಘೋಷಣೆಯಾದ ಮೈಕ್ರೋಸಾಫ್ಟ್ ಟೀಮ್ಸ್ 2017ರ ಮಾರ್ಚ್‌ನಲ್ಲಿ ಎಲ್ಲರಿಗೂ ದೊರೆಯಿತು. ಕೋವಿಡ್ ಕಾಲದಲ್ಲಿ ಇವುಗಳ ಬಳಕೆ ಎಷ್ಟು ವೇಗವಾಗಿ ಬೆಳೆಯಿತೆಂಬುದಕ್ಕೆ ಜೂಮ್ ಸಂಸ್ಥೆಯ ಲೆಕ್ಕವನ್ನು ಸಾಮಾನ್ಯವಾಗಿ ಉಲ್ಲೇಖಿಸಲಾಗುತ್ತದೆ: 2019ರ ಡಿಸೆಂಬರ್‌ನಲ್ಲಿ ದಿನಕ್ಕೆ 1 ಕೋಟಿಯಷ್ಟಿದ್ದ ಸಭಾಸದಸ್ಯರ ಸಂಖ್ಯೆ 2020ರ ಏಪ್ರಿಲ್ ವೇಳೆಗೆ 30 ಕೋಟಿಯಾಯಿತು. ಒಬ್ಬರೇ ದಿನಕ್ಕೆ ಐದು ಸಭೆಗಳಲ್ಲಿ ಕುಳಿತರೆ ಐದು ಎಂದು ಎಣಿಸುವ ಲೆಕ್ಕವಿದು ಎಂಬುದನ್ನು ಉಲ್ಲೇಖಿಸುವವರು ಮರೆಯುವುದುಂಟು. ಅದೇ 2020ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಮಾರ್ಗಸೂಚಿ ಪಿಎಚ್.ಡಿ. ಮೌಖಿಕ ಪರೀಕ್ಷೆಯನ್ನೂ ವಿಡಿಯೋ ಮೂಲಕ ನಡೆಸಲು ಅವಕಾಶ ಕೊಟ್ಟಿತು. ಹಾಗಾಗಿ ಇದು ಕೇವಲ ಸಾಫ್ಟ್‌ವೇರ್ ಕಂಪನಿಗಳ ವಿಷಯವಾಗಿ ಉಳಿದಿಲ್ಲ.

ಕರೆಯ ಸ್ವರೂಪದಲ್ಲಿ ನಿಜವಾದ ಪಲ್ಲಟ ಕಾಣಿಸುವುದು 2021ರ ಜೂನ್ ಕೊನೆಯಲ್ಲಿ ಸ್ಲ್ಯಾಕ್ ಪ್ರಕಟಿಸಿದ 'ಹಡಲ್' ಎಂಬ ಸೌಲಭ್ಯದಲ್ಲಿ. ಆರಂಭದಲ್ಲಿ ಇದು ಧ್ವನಿಗಷ್ಟೇ ಸೀಮಿತವಾಗಿತ್ತು. ತಂಡದ ವಾಹಿನಿಯಲ್ಲಿ ಯಾರೋ ಒಬ್ಬರು ಮಾತಿನ ಗುಂಡಿಯನ್ನು ಒತ್ತಿ ಕುಳಿತುಕೊಳ್ಳುತ್ತಾರೆ. ಅಲ್ಲಿ ಮಾತು ತೆರೆದಿದೆ ಎಂಬ ಗುರುತು ಉಳಿದವರಿಗೆ ಕಾಣಿಸುತ್ತದೆ. ಬೇಕಾದವರು ಒಳಗೆ ಬರುತ್ತಾರೆ, ಬೇಡವಾದಾಗ ಹೋಗುತ್ತಾರೆ. ಕಂಪ್ಯೂಟರ್ ಆಟಗಾರರಿಗಾಗಿ 2015ರಲ್ಲಿ ಆರಂಭವಾದ ಡಿಸ್ಕಾರ್ಡ್‌ನಲ್ಲಿ ಇಂತಹ ಸದಾ ತೆರೆದ ಧ್ವನಿಕೋಣೆಗಳು ಮೊದಲೇ ಇದ್ದವು. ಕಚೇರಿಗೆ ಅದು ಹೊಸದು. ಒಬ್ಬರೇ ಕಾಯುತ್ತ ಕುಳಿತಾಗ ಹಡಲ್ ಸಣ್ಣ ಸಂಗೀತವೊಂದನ್ನು ನುಡಿಸುತ್ತದೆ. ಕರೆಯುವವರಿಲ್ಲದ ಈ ಕರೆಯಲ್ಲಿ ಗಂಟೆಯ ಜಾಗವನ್ನು ತುಂಬುವುದು ಬಹುಶಃ ಅದೊಂದೇ.

ಇಲ್ಲಿ ಕರೆ ಎನ್ನುವುದು ಇಬ್ಬರ ನಡುವೆ ನಡೆಯುವ ಘಟನೆಯಾಗಿ ಉಳಿಯದೆ, ಹೊಕ್ಕು ಹೊರಡುವ ಒಂದು ಸ್ಥಳವಾಗಿ ಮಾರ್ಪಡುತ್ತದೆ. ಕರೆಯೇ ಇಲ್ಲದ ಮೇಲೆ ಓಗೊಡುವ ಪ್ರಸಂಗವೂ ಇಲ್ಲ. ಕನ್ನಡದ ಅನುಭವದಲ್ಲಿ ಇದಕ್ಕೆ ಹತ್ತಿರದ್ದು ದೂರವಾಣಿಯಲ್ಲ, ಊರಿನ ಅರಳಿಕಟ್ಟೆ. ಕಟ್ಟೆಗೆ ಯಾರೂ ಯಾರನ್ನೂ ಕರೆಯುವುದಿಲ್ಲ. ಆದರೂ ಹೊಸದಾಗಿ ಬಂದವರನ್ನು ಕಂಡೊಡನೆ ಮಾತು ಒಂದು ಕ್ಷಣ ನಿಂತು 'ಬನ್ನಿ, ಕೂತ್ಕೊಳ್ಳಿ' ಎಂದಾಗುತ್ತದೆ. ನಡೆಯುತ್ತಿದ್ದ ಮಾತಿನ ಎಳೆಯನ್ನು ಒಬ್ಬರು ಎರಡು ವಾಕ್ಯಗಳಲ್ಲಿ ತಿಳಿಸಿಕೊಡುತ್ತಾರೆ. ತಂತ್ರಾಂಶದ ಕಟ್ಟೆಯಲ್ಲಿ ಈ ಕೆಲಸವನ್ನು ಒಂದು ಸಣ್ಣ ಸದ್ದು ಮತ್ತು ಪರದೆಯ ಅಂಚಿನಲ್ಲಿ ಮೂಡುವ ಚಿತ್ರ ಮಾಡುತ್ತವೆ. ಕಟ್ಟೆಯ ಹೋಲಿಕೆಯನ್ನು ಭಾವುಕವಾಗಿ ಬಳಸುವುದೂ ತಪ್ಪಾಗುತ್ತದೆ. ಊರಿನ ಕಟ್ಟೆಯ ಮೇಲೆ ಯಾರು ಕೂರಬಹುದು, ಯಾರು ದೂರ ನಿಲ್ಲಬೇಕು, ಹೆಂಗಸರು ಅತ್ತ ಸುಳಿಯಬಹುದೇ ಎಂಬುದನ್ನು ಜಾತಿ ಮತ್ತು ಲಿಂಗಗಳು ನಿರ್ಧರಿಸುತ್ತಿದ್ದವು. ತಂಡದ ಸದಸ್ಯತ್ವ ಇದ್ದವರೆಲ್ಲರಿಗೂ ಸಮಾನವಾಗಿ ತೆರೆದಿರುವ ಕೋಣೆ ಆ ಮಟ್ಟಿಗೆ ಕಟ್ಟೆಗಿಂತ ಉದಾರವಾದುದು.

ಆದರೆ ಆ ಸದಸ್ಯತ್ವದ ಗೋಡೆ ಗಟ್ಟಿಯಾದುದು. ಅಂತರ್ಜಾಲದ ಕರೆಯನ್ನು ಸಾರ್ವಜನಿಕ ದೂರವಾಣಿ ಜಾಲಕ್ಕೆ ಬೆಸೆದು ದೂರದ ಕರೆಯ ಶುಲ್ಕವನ್ನು ತಪ್ಪಿಸುವುದಕ್ಕೆ ಭಾರತದ ದೂರಸಂಪರ್ಕ ನಿಯಮಗಳು ಅಡ್ಡಿಯಾಗಿದ್ದವು. ಟೀಮ್ಸ್‌ನಲ್ಲಿ ಉದ್ಯೋಗಿ ಇರುವ ಸ್ಥಳವನ್ನು ಆಧರಿಸಿ ಕರೆಯ ದಾರಿಯನ್ನು ಗೊತ್ತುಪಡಿಸುವ ವ್ಯವಸ್ಥೆ ಇಂತಹ ನಿರ್ಬಂಧಗಳನ್ನು ಪಾಲಿಸುವುದಕ್ಕಾಗಿಯೇ ಇದೆ. ಹೊರಗುತ್ತಿಗೆ ಸೇವಾಕೇಂದ್ರಗಳ ನಿಯಮಗಳು 2020ರ ನವೆಂಬರ್‌ನಲ್ಲಿಯೂ 2021ರ ಜೂನ್‌ನಲ್ಲಿಯೂ ಸಡಿಲಗೊಂಡವು. ಹೀಗಾಗಿ ಕಚೇರಿಯೊಳಗಿನ ಕರೆ ಮತ್ತು ಹೊರಗಿನವರ ಸಾಮಾನ್ಯ ದೂರವಾಣಿ ಬಹುಕಾಲ ಎರಡು ಬೇರೆ ಲೋಕಗಳಾಗಿಯೇ ಇದ್ದವು.

2. 'ಇದ್ದಾರಾ?'

ಮನೆಗೊಂದು ಸ್ಥಿರ ದೂರವಾಣಿ ಇದ್ದ ಕಾಲದಲ್ಲಿ ಕನ್ನಡಿಗರು ಕರೆ ಮಾಡಿದಾಗ ಆಡುತ್ತಿದ್ದ ಮೊದಲ ಪ್ರಶ್ನೆಗಳಲ್ಲಿ 'ಇದ್ದಾರಾ?' ಎಂಬುದು ಒಂದು. ಕರೆ ಸ್ವೀಕರಿಸಿದವರು ನಡುವಿನವರು. ಇದ್ದವರನ್ನು ಇಲ್ಲವೆನ್ನುವ, ಈಗತಾನೆ ಹೊರಟರೆನ್ನುವ ಸ್ವಾತಂತ್ರ್ಯ ಅವರಿಗಿತ್ತು. ಕಚೇರಿ ತಂತ್ರಾಂಶದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಬೇಕಾಗಿಲ್ಲ. ಹೆಸರಿನ ಪಕ್ಕದ ಬಣ್ಣದ ಚುಕ್ಕೆ ಉತ್ತರವನ್ನು ಮೊದಲೇ ಕೊಟ್ಟಿರುತ್ತದೆ. ಟೀಮ್ಸ್‌ನಲ್ಲಿ ಸಭೆಯಲ್ಲಿದ್ದರೆ ಚುಕ್ಕೆ ಕೆಂಪಾಗುತ್ತದೆ; ಕಂಪ್ಯೂಟರನ್ನು ಐದು ನಿಮಿಷ ಮುಟ್ಟದಿದ್ದರೆ ಹಸಿರು ಹೋಗಿ ಹಳದಿಯಾಗುತ್ತದೆ. 'ಇರುವಿಕೆ' ಎಂಬುದು ಹೇಳಿಕೆಯಾಗಿ ಉಳಿಯದೆ ಅಳತೆಯಾಗಿದೆ. ಇರ್ವಿಂಗ್ ಗಾಫ್‌ಮನ್ 1955ರ ತಮ್ಮ ಲೇಖನದಲ್ಲಿ 'ಮುಖ ಉಳಿಸಿಕೊಳ್ಳುವ ಕೆಲಸ' ಎಂದು ವಿವರಿಸಿದ ಸೌಜನ್ಯದ ತಂತ್ರಗಳಲ್ಲಿ ಇಂತಹ ಸಣ್ಣ ಸುಳ್ಳುಗಳಿಗೂ ಪಾಲಿದೆ. ಚುಕ್ಕೆ ಹಸಿರಿರುವಾಗ ಓಗೊಡದಿದ್ದರೆ 'ಕೇಳಿಸಲಿಲ್ಲ' ಎಂಬ ರಿಯಾಯಿತಿ ದೊರೆಯುವುದಿಲ್ಲ. ಓಗೊಡದಿರುವುದರ ಬಹ್ವರ್ಥತೆ ಇಲ್ಲಿ ಕಳೆದುಹೋಗಿ ಒಂದೇ ಅರ್ಥ ಉಳಿಯುತ್ತದೆ. ಅಧೀನ ಉದ್ಯೋಗಿಯ ಪಾಲಿಗೆ ಅದು ಅನುಕೂಲಕರವಾದ ಅರ್ಥವಲ್ಲ.

3. ಹೂಂಗುಟ್ಟುವವರ ಮೌನ

ಕನ್ನಡ ಮಾತುಕತೆಯ ವಿನ್ಯಾಸಕ್ಕೆ ಅತ್ಯಂತ ಆಳವಾಗಿ ತಟ್ಟಿರುವುದು ಹೊಸತೂ ಅಲ್ಲದ, ಬೆರಗಿನದೂ ಅಲ್ಲದ ಒಂದು ಗುಂಡಿ: ಧ್ವನಿ ನಿಲ್ಲಿಸುವ 'ಮ್ಯೂಟ್'. ಸಭೆಯಲ್ಲಿ ಮಾತನಾಡದವರೆಲ್ಲ ಧ್ವನಿ ನಿಲ್ಲಿಸಿರಬೇಕು ಎಂಬುದು ಇಂದು ಶಿಷ್ಟಾಚಾರವಾಗಿದೆ. ಹಿನ್ನೆಲೆಯ ಗದ್ದಲವನ್ನು ತಪ್ಪಿಸಲು ಇದು ಅಗತ್ಯವೆಂಬುದು ನಿಜ. ಆದರೆ ಈ ಶಿಷ್ಟಾಚಾರ ಕೇಳುವುದೆಂದರೆ ಮೌನವಾಗಿರುವುದು ಎಂಬ ಕಲ್ಪನೆಯ ಮೇಲೆ ನಿಂತಿದೆ. ಕನ್ನಡದಲ್ಲಿ ಕೇಳುವುದೆಂದರೆ ಮೌನವಾಗಿರುವುದಲ್ಲ. ಕೇಳುವವರು ಹೂಂಗುಟ್ಟಬೇಕು.

'ಹೂಂಗುಟ್ಟು' ಎಂಬ ಕ್ರಿಯಾಪದವೂ 'ಓಗೊಡು'ವಿನಂತೆಯೇ ಕೇಳುಗನ ಕ್ರಿಯೆಯನ್ನು ಹೆಸರಿಸುತ್ತದೆ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟದಿದ್ದರೆ ಕಥೆ ನಿಂತುಹೋಗುತ್ತದೆ. 'ಹೂಂ ಅನ್ನು' ಎಂಬುದು ಕಥೆಯ ಹೊರಗಿನ ಆಜ್ಞೆಯಂತೆ ಕಂಡರೂ ಕಥನದ ಒಳಗಿನ ಅಂಗವೇ ಆಗಿದೆ. ಜನಪದ ಕಥನ ಗಾಯನಗಳಲ್ಲಿ ಮುಖ್ಯ ಗಾಯಕರ ಜೊತೆಗಿರುವವರು ಸೊಲ್ಲಿಗೆ ಸೊಲ್ಲು ಸೇರಿಸುತ್ತ ಕಥೆಯನ್ನು ಮುಂದಕ್ಕೆ ತಳ್ಳುತ್ತಾರೆ. ಇದರ ಬಗೆಗಳು ಕೂಡ ಹಲವು: 'ಹೂಂ' ಒಪ್ಪಿಗೆ, 'ಹೂಂ?' ಅಚ್ಚರಿ, ಎಳೆದು ಹೇಳಿದ 'ಹೂಂ...' ಸಂದೇಹ, 'ಅಯ್ಯೋ', 'ಹೌದಾ', 'ಸರಿ ಸರಿ', ನಾಲಿಗೆಯಿಂದ ಹೊರಡುವ 'ಚ್ಚ್‌' ಎಂಬ ಮರುಕದ ದನಿ. ವಿಕ್ಟರ್ ಯಿಂಗ್ವೆ 1970ರಲ್ಲಿ ಇಂತಹ ಪ್ರತಿಸ್ಪಂದನಗಳನ್ನು ಹಿನ್ನೆಲೆಯ ವಾಹಿನಿಯೆಂದು ಕರೆದರು. ಮುನ್ನೆಲೆಯಲ್ಲಿ ಮಾತು, ಹಿನ್ನೆಲೆಯಲ್ಲಿ ಹೂಂಕಾರ ಎಂಬ ಈ ವಿಂಗಡಣೆ ಕನ್ನಡದ ಕಥನ ಸಂದರ್ಭಕ್ಕೆ ಪೂರ್ತಿ ಹೊಂದುವುದಿಲ್ಲ. ಹೂಂಗುಟ್ಟುವವರು ಅಲ್ಲಿ ಸಹಕರ್ತೃಗಳು.

ಧ್ವನಿ ತೆರೆದಿಟ್ಟರೂ ಹೂಂಕಾರ ತಲುಪುತ್ತದೆ ಎಂಬ ಭರವಸೆಯಿಲ್ಲ. ಗದ್ದಲ ನಿವಾರಣೆಯ ಸೌಲಭ್ಯ ಈ ತಂತ್ರಾಂಶಗಳಲ್ಲಿ 2020ರ ಸುಮಾರಿಗೆ ವ್ಯಾಪಕವಾಯಿತು. ಅದು ಧ್ವನಿಯಲ್ಲಿ ಯಾವುದು ಮಾತು, ಯಾವುದು ಮಾತಲ್ಲ ಎಂದು ತೀರ್ಮಾನಿಸಿ ಮಾತಲ್ಲದ್ದನ್ನು ಅಳಿಸುತ್ತದೆ. ಕುಕ್ಕರಿನ ಸೀಟಿ ಅಳಿದುಹೋದರೆ ಯಾರಿಗೂ ನಷ್ಟವಿಲ್ಲ. ಆದರೆ ಬಾಯಿ ಮುಚ್ಚಿ ಮೂಗಿನಿಂದ ಹೊರಡಿಸಿದ, ತಗ್ಗಿದ ಸ್ವರದ ಅರ್ಧ 'ಹೂಂ' ಇಂತಹ ಜರಡಿಯ ಅಂಚಿನಲ್ಲಿರುತ್ತದೆ. ಪ್ರತಿಧ್ವನಿಯನ್ನು ತಡೆಯುವ ವ್ಯವಸ್ಥೆಯೂ ಇಬ್ಬರು ಒಮ್ಮೆಗೇ ದನಿ ತೆಗೆದಾಗ ಒಂದನ್ನು ಕುಗ್ಗಿಸಿಬಿಡಬಹುದು. ಹೂಂಕಾರದ ಲಕ್ಷಣವೇ ಇನ್ನೊಬ್ಬರ ಮಾತಿನ ಮೇಲೆ ಬೀಳುವುದು ಎಂಬುದನ್ನು ಇಲ್ಲಿ ಗಮನಿಸಬೇಕು.

ಇದರ ಜೊತೆಗೆ ಕಾಲದ ಪ್ರಶ್ನೆಯಿದೆ. ಸ್ಟಿವರ್ಸ್ ಮತ್ತು ಸಂಗಡಿಗರು ಹತ್ತು ಭಾಷೆಗಳ ಮಾತುಕತೆಯನ್ನು ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಪ್ರಶ್ನೆಗೂ ಉತ್ತರಕ್ಕೂ ನಡುವಿನ ಅಂತರ ಸರಾಸರಿ ಸುಮಾರು 200 ಮಿಲಿಸೆಕೆಂಡು, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗ. ಭಾಷೆಯಿಂದ ಭಾಷೆಗೆ ಇದರಲ್ಲಿ ವ್ಯತ್ಯಾಸಗಳಿದ್ದರೂ ಮೌನವನ್ನು ಕಡಿಮೆ ಮಾಡುವ ಪ್ರವೃತ್ತಿ ಎಲ್ಲೆಡೆ ಒಂದೇ. ಆ ಹತ್ತರಲ್ಲಿ ದ್ರಾವಿಡ ಭಾಷೆ ಒಂದೂ ಇರಲಿಲ್ಲ; ಕನ್ನಡ ವಿಭಾಗಗಳಿಗೆ ಇದೊಂದು ನೇರವಾದ ಕ್ಷೇತ್ರಕಾರ್ಯದ ಆಹ್ವಾನ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾರ್ಗಸೂಚಿ ಕರೆಯ ಧ್ವನಿ ಒಂದು ತುದಿಯಿಂದ ಇನ್ನೊಂದು ತುದಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಒಳ್ಳೆಯದೆನ್ನುತ್ತದೆ. ಹೋಗಲು 150, ಬರಲು 150 ಎಂದರೆ ಒಳ್ಳೆಯ ಕರೆಯಲ್ಲಿಯೂ ಮಾನವ ಮಾತಿನ ಸಹಜ ಅಂತರ ದಾಟಿಹೋಗುತ್ತದೆ. ಜೂಲಿ ಬೋಲಂಡ್ ಮತ್ತು ಸಂಗಡಿಗರು ಜೂಮ್ ಮಾತುಕತೆಯನ್ನು ಪರೀಕ್ಷಿಸಿದಾಗ ಮುಖಾಮುಖಿಯಲ್ಲಿ ಸರಾಸರಿ 135 ಮಿಲಿಸೆಕೆಂಡಿದ್ದ ಸರದಿಯ ಅಂತರ ಜೂಮ್‌ನಲ್ಲಿ 487ಕ್ಕೆ ಏರಿತ್ತು. ತಡವಾಗಿ ತಲುಪಿದ 'ಹೂಂ' ತನ್ನ ವಾಕ್ಯವನ್ನು ತಪ್ಪಿಸಿಕೊಂಡು ಮುಂದಿನ ವಾಕ್ಯದ ಮೇಲೆ ಬಿದ್ದು ಅಡ್ಡಮಾತಾಗಿ ಕೇಳಿಸುತ್ತದೆ. ಮಾತನಾಡುತ್ತಿದ್ದವರು ನಿಲ್ಲಿಸುತ್ತಾರೆ, 'ಹೇಳಿ ಹೇಳಿ' ಎನ್ನುತ್ತಾರೆ. ಇತ್ತ ಹೂಂಗುಟ್ಟಿದವರು 'ಇಲ್ಲ, ನೀವೇ ಹೇಳಿ' ಎನ್ನುತ್ತಾರೆ. ನಾಲ್ಕು ಸಲ ಹೀಗಾದ ಮೇಲೆ ಧ್ವನಿ ನಿಲ್ಲಿಸಿ ಕೂರುವುದೇ ಲೇಸೆನಿಸುತ್ತದೆ. ಆಗ ಮಾತನಾಡುವವರಿಗೆ ಎದುರಾಗುವುದು ಹೂಂಕಾರವಿಲ್ಲದ ನಿಶ್ಶಬ್ದ. ಆ ನಿಶ್ಶಬ್ದಕ್ಕೆ ಕನ್ನಡ ಸಭೆಗಳಲ್ಲಿ ಹುಟ್ಟಿಕೊಂಡ ಹೊಸ ಪಲ್ಲವಿ 'ಕೇಳಿಸ್ತಿದೆಯಾ?'. ತಾಂತ್ರಿಕ ಪ್ರಶ್ನೆಯಂತೆ ತೋರುವ ಇದು ಬಹಳಷ್ಟು ಸಲ 'ಹೂಂ ಅನ್ನಿ' ಎಂಬ ಹಳೆಯ ಬೇಡಿಕೆಯೇ ಆಗಿರುತ್ತದೆ.

ಕೈ ಎತ್ತುವ ಚಿಹ್ನೆಯ ಬಗ್ಗೆ ಇಷ್ಟು ಕಟುವಾಗಿ ಹೇಳಬೇಕಾಗಿಲ್ಲ. ಸ್ಯಾಕ್ಸ್, ಶೆಗ್ಲಾಫ್ ಮತ್ತು ಜೆಫರ್ಸನ್ 1974ರ ಲೇಖನದಲ್ಲಿ ಸರದಿ ಹಸ್ತಾಂತರಗೊಳ್ಳುವ ಬಗೆಗಳನ್ನು ಗುರುತಿಸಿದ್ದಾರೆ: ಮಾತನಾಡುತ್ತಿರುವವರು ಮುಂದಿನವರನ್ನು ಆರಿಸಬಹುದು, ಇಲ್ಲವೇ ಯಾರಾದರೂ ತಾವಾಗಿ ಮಾತು ಎತ್ತಿಕೊಳ್ಳಬಹುದು, ಇಲ್ಲವಾದರೆ ಮೊದಲಿನವರೇ ಮುಂದುವರಿಯಬಹುದು. ತಾವಾಗಿ ಮಾತು ಎತ್ತಿಕೊಳ್ಳುವ ಹಕ್ಕು ಕನ್ನಡದ ಶ್ರೇಣೀಕೃತ ಸಭೆಗಳಲ್ಲಿ ಎಲ್ಲರಿಗೂ ಸಮನಾಗಿ ಇರುವುದಿಲ್ಲ. ಕಿರಿಯರು ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದು. ಎತ್ತಿದ ಕೈಗಳನ್ನು ಕ್ರಮವಾಗಿ ತೋರಿಸುವ ಪಟ್ಟಿ ಆ ಮಟ್ಟಿಗೆ ಕಿರಿಯರಿಗೆ, ಅದರಲ್ಲೂ ದನಿ ಎತ್ತರಿಸದ ಮಹಿಳೆಯರಿಗೆ ಒಂದು ಜಾಗವನ್ನು ಕಲ್ಪಿಸುತ್ತದೆ. ಪಟ್ಟಿಯನ್ನು ನೋಡುವ ಅಥವಾ ನೋಡದಿರುವ ಅಧಿಕಾರ ಮಾತ್ರ ಅಧ್ಯಕ್ಷರ ಕೈಯಲ್ಲಿಯೇ ಉಳಿಯುತ್ತದೆ.

4. ಇವರು, ಅವರು ಮತ್ತು ಬೋಳು ಹೆಸರು

ಕನ್ನಡದ ಸರ್ವನಾಮಗಳು ಗೌರವವನ್ನಷ್ಟೇ ಅಲ್ಲದೆ ದೂರವನ್ನೂ ಹೇಳುತ್ತವೆ. ಬ್ರೌನ್ ಮತ್ತು ಗಿಲ್ಮನ್ 1960ರಲ್ಲಿ ಅಧಿಕಾರ ಹಾಗೂ ಆಪ್ತತೆಯ ನೆಲೆಯಲ್ಲಿ ವಿವರಿಸಿದ ಸರ್ವನಾಮಗಳ ವಿನ್ಯಾಸವನ್ನು ನೀನು, ನೀವು, ತಾವುಗಳಿಗೆ ಅನ್ವಯಿಸಬಹುದು. ಆದರೆ 'ಇವರು'–'ಅವರು' ಎಂಬ ಭೇದ ಅಲ್ಲಿ ಸಿಗುವುದಿಲ್ಲ. ಎದುರಿಗೆ ಕುಳಿತವರನ್ನು 'ಅವರು' ಎಂದು ನಿರ್ದೇಶಿಸಿದರೆ ಅವರನ್ನು ಹೊರಗಿಟ್ಟಂತಾಗುತ್ತದೆ. 'ಇವರು' ಎಂದರೆ ಸಭೆಯ ಒಳಗೆ ಸೇರಿಸಿಕೊಂಡಂತಾಗುತ್ತದೆ. ವಿಡಿಯೋ ಕರೆಯಲ್ಲಿರುವವರು ಕಣ್ಣಿಗೆ ಒಂದು ಗೇಣು ಹತ್ತಿರದಲ್ಲಿದ್ದಾರೆ, ದೇಹ ಮಾತ್ರ ಬೇರೆ ಊರಿನಲ್ಲಿದೆ. ಕಲಬುರಗಿಯಲ್ಲಿ ಕುಳಿತ ಸಹೋದ್ಯೋಗಿಯನ್ನು ಬೆಂಗಳೂರಿನವರು ಪರದೆ ತೋರಿಸಿ 'ಇವರು ಹೇಳಿದ ಹಾಗೆ' ಎನ್ನುತ್ತಾರೆ. ಅವರ ವಿಡಿಯೋ ನಿಂತು ಹೆಸರಿನ ಚೌಕಟ್ಟಷ್ಟೇ ಉಳಿದಾಗ 'ಅವರು' ಎನ್ನುವ ಸಾಧ್ಯತೆಯಿದೆ. ವಿಡಿಯೋ ಆರುವುದಕ್ಕೂ ಸರ್ವನಾಮ ಬದಲಾಗುವುದಕ್ಕೂ ನಿಯತವಾದ ಸಂಬಂಧವಿದೆಯೇ ಎಂಬುದು ದತ್ತಾಂಶ ಸಂಗ್ರಹದಿಂದ ಪರೀಕ್ಷಿಸಬಹುದಾದ ಊಹೆ.

ಪರದೆಯ ಮೇಲಿನ ಹೆಸರಿನದು ಇನ್ನೊಂದು ತೊಡಕು. ಕನ್ನಡದಲ್ಲಿ ಹಿರಿಯರ ಹೆಸರು ಬೋಳಾಗಿ ಬರುವುದಿಲ್ಲ. 'ಅವರು', 'ಸರ್', 'ಮೇಡಂ' ಏನಾದರೊಂದು ಅಂಟಿಕೊಂಡೇ ಬರುತ್ತದೆ. ತಂತ್ರಾಂಶ ನಿರ್ದೇಶಕರಿಗೂ ನೆನ್ನೆ ಸೇರಿದವರಿಗೂ ಒಂದೇ ಬಗೆಯ ಬೋಳು ಹೆಸರನ್ನು ಕೊಡುತ್ತದೆ. ಇದನ್ನು ಸಮಾನತೆಯೆಂದು ಸ್ವಾಗತಿಸಬಹುದು. ಊರಿನ ಅಥವಾ ತಂದೆಯ ಹೆಸರಿನ ಮೊದಲಕ್ಷರವನ್ನು ಮುಂದಿಟ್ಟುಕೊಳ್ಳುವ ಕನ್ನಡದ ಹೆಸರುಗಳು ಮೊದಲ ಹೆಸರು, ಕೊನೆಯ ಹೆಸರು ಎಂಬ ಖಾನೆಗಳಿಗೆ ಸಿಕ್ಕಿ ಕೆಲವೊಮ್ಮೆ ಒಂಟಿ ಅಕ್ಷರವಾಗಿ ತೋರುವುದನ್ನು ಮಾತ್ರ ಯಾರೂ ಸ್ವಾಗತಿಸಲಾರರು.

ಬೀಳ್ಕೊಡುವ ಮಾತಿನಲ್ಲಿ ಭಾಷೆಯ ಹಟ ಎದ್ದುಕಾಣುತ್ತದೆ. ಮನೆಯಿಂದ ಹೊರಡುವವರು 'ಹೋಗ್ತೀನಿ' ಎನ್ನದೆ 'ಬರ್ತೀನಿ' ಎನ್ನುತ್ತಾರೆ. ದೂರವಾಣಿಯಲ್ಲಿ 'ಇಡ್ಲಾ?', 'ಇಡ್ತೀನಿ' ಎನ್ನುತ್ತಾರೆ. ಕೈಯಿಂದ ಕೆಳಗಿಡಬೇಕಾದ ಉಪಕರಣ ಮಾಯವಾಗಿ ವರ್ಷಗಳಾದರೂ ಕ್ರಿಯಾಪದ ಉಳಿದಿದೆ. ಕಚೇರಿ ತಂತ್ರಾಂಶದಲ್ಲಿ ಇಡುವುದಕ್ಕೂ ಏನಿಲ್ಲ, ಮರಳಿ ಬರುವ ಮಾತೂ ಸಲ್ಲದು. 'ಡ್ರಾಪ್ ಆಗ್ತೀನಿ' ಎಂಬ ಬೆರಕೆ ಕ್ರಿಯಾಪದ ಅಲ್ಲಿ ನೆಲೆಗೊಳ್ಳುತ್ತಿದೆ. ಇಡುವವರು ಕರ್ತೃ, ಡ್ರಾಪ್ 'ಆಗುವ'ವರು ಅರ್ಧ ಕರ್ತೃ. ಹೊರಡುವ ಹೊಣೆಯನ್ನು ತುಸು ಯಂತ್ರದ ಮೇಲೆ ಹೊರಿಸುವ ಈ 'ಆಗು' ಪ್ರಯೋಗದ ಹಿಂದೆ ಕನ್ನಡದ್ದೇ ಸೌಜನ್ಯವಿದೆ.

5. ಬರಹವಾಗುವ ಮಾತು

ಇದುವರೆಗಿನ ಸೌಲಭ್ಯಗಳು ಮಾತಿನ ವಿನ್ಯಾಸವನ್ನು ಬದಲಿಸುತ್ತವೆ. ಮಾತನ್ನು ಆಡಿದ ಕ್ಷಣದಲ್ಲಿಯೇ ಅಕ್ಷರವಾಗಿಸುವ ಶೀರ್ಷಿಕೆ, ಸಭೆಯ ಪೂರ್ತಿ ಲಿಪ್ಯಂತರ ಮತ್ತು ಅದರಿಂದ ತಾನಾಗಿ ತಯಾರಾಗುವ ಸಾರಾಂಶ ಎಂಬ ಮೂರು ಮಾತಿನ ಅಸ್ತಿತ್ವವನ್ನೇ ನಿರ್ಣಯಿಸುತ್ತವೆ. ಜೂಮ್‌ನ ಸಾರಾಂಶ ಸಹಾಯಕ 2023ರ ಸೆಪ್ಟೆಂಬರ್‌ನಲ್ಲಿಯೂ ಮೈಕ್ರೋಸಾಫ್ಟ್‌ನ ಕೋಪೈಲಟ್ ಅದೇ ವರ್ಷದ ನವೆಂಬರ್‌ನಲ್ಲಿಯೂ ಕಚೇರಿಗಳಿಗೆ ಬಂದವು. ಕಿವಿ ಕೇಳಿಸದವರಿಗೆ ಈ ಶೀರ್ಷಿಕೆಗಳು ಸಭೆಯ ಬಾಗಿಲನ್ನೇ ತೆರೆದಿವೆ. ಅದನ್ನು ಕಡೆಗಣಿಸುವ ಯಾವ ವಿಮರ್ಶೆಯೂ ಪ್ರಾಮಾಣಿಕವಾಗಲಾರದು. ಪ್ರಶ್ನೆ ಇರುವುದು ಅಕ್ಷರವಾಗುವುದು ಯಾವ ಭಾಷೆಯ ಮಾತು ಎಂಬಲ್ಲಿ.

ಟೀಮ್ಸ್‌ನಂತಹ ತಂತ್ರಾಂಶಗಳಲ್ಲಿ ಬಹುಕಾಲ ಒಂದು ಸಭೆಗೆ ಒಂದೇ 'ಮಾತಿನ ಭಾಷೆ'ಯನ್ನು ಆಯ್ದುಕೊಳ್ಳಬೇಕಾಗಿತ್ತು. ಬೆಂಗಳೂರಿನ ಕಚೇರಿಯ ಕನ್ನಡವಾದರೋ ಒಂದೇ ಭಾಷೆಯ ಖಾನೆಯಲ್ಲಿ ಕೂರುವಂತಹುದಲ್ಲ. ಈ ವಾಕ್ಯವನ್ನು ನೋಡಬಹುದು: 'ಆ ರಿಪೋರ್ಟ್ ಇನ್ನೂ ಕ್ಲೈಂಟ್‌ಗೆ ಶೇರ್ ಮಾಡಿಲ್ಲ, ನಾಳೆ ರಿವ್ಯೂ ಆದ್ಮೇಲೆ ಮಾಡ್ತೀವಿ.' ರಿಪೋರ್ಟ್, ಕ್ಲೈಂಟ್, ಶೇರ್, ರಿವ್ಯೂ ಎಂಬ ನಾಲ್ಕು ಇಂಗ್ಲಿಷ್ ಪದಗಳು ವಸ್ತುವನ್ನೂ ಕ್ರಿಯೆಯನ್ನೂ ಹೆಸರಿಸುತ್ತವೆ. ಆದರೆ ಕೆಲಸ ಆಗಿಲ್ಲ, ಮುಂದೆ ಆಗುತ್ತದೆ, ಯಾವಾಗ ಆಗುತ್ತದೆ, ಯಾರು ಮಾಡುತ್ತಾರೆ ಎಂಬ ನಾಲ್ಕು ಸಂಗತಿಗಳನ್ನೂ ಹೇಳುವುದು ಕನ್ನಡ. ನಿಷೇಧ, ಕಾಲ, ಪುರುಷ, ವಚನಗಳೆಲ್ಲ ಕ್ರಿಯಾಪದದ ಬಾಲದಲ್ಲಿ ಕುಳಿತಿರುವುದು ಕನ್ನಡದ ಸ್ವಭಾವ. ಇಂಗ್ಲಿಷಿಗೆ ಹೊಂದಿಸಿಟ್ಟ ಯಂತ್ರ ಈ ವಾಕ್ಯದಲ್ಲಿ ತನಗೆ ಪರಿಚಿತವಾದ ಪದಗಳನ್ನಷ್ಟೇ ಸರಿಯಾಗಿ ಹಿಡಿದರೆ, ದಾಖಲೆಯಲ್ಲಿ ಉಳಿಯುವುದು ರಿಪೋರ್ಟು ಕ್ಲೈಂಟಿಗೆ ಶೇರ್ ಆಗಿದೆ ಎಂದು ಓದಬಹುದಾದ ಪದಗಳ ಸಾಲು. 'ಇಲ್ಲ' ಎಂಬ ನಿಷೇಧವೇ ಬಿದ್ದುಹೋಗುತ್ತದೆ.

ಇನ್ನೂ ಸೂಕ್ಷ್ಮವಾದುದು 'ಅಂತೆ' ಪ್ರತ್ಯಯದ ಸ್ಥಿತಿ. 'ಸರ್ವರ್ ಡೌನ್ ಆಗಿದ್ಯಂತೆ' ಎಂದವರು ಸರ್ವರ್ ಕೆಟ್ಟಿದೆ ಎಂದು ಹೇಳುತ್ತಿಲ್ಲ. ಹಾಗೆಂದು ಕೇಳಿದ್ದೇನೆ ಎನ್ನುತ್ತಿದ್ದಾರೆ. ಮಾಹಿತಿಯ ಹೊಣೆಯನ್ನು ಬೇರೆಯವರಿಗೆ ಬಿಡುವ ಕೆಲಸವನ್ನು ಕನ್ನಡ ಎರಡೇ ಅಕ್ಷರಗಳಲ್ಲಿ ಮುಗಿಸುತ್ತದೆ. ಲಿಪ್ಯಂತರದಲ್ಲಿ ಆ ಎರಡು ಅಕ್ಷರಗಳು ಕಾಣೆಯಾದರೆ, ಕೇಳಿದ ಸುದ್ದಿಯನ್ನು ಮುಟ್ಟಿಸಿದವರು ಅದನ್ನು ಪ್ರಮಾಣೀಕರಿಸಿದವರಾಗಿಬಿಡುತ್ತಾರೆ, ಅದೂ ಹೆಸರು ಮತ್ತು ಗಳಿಗೆಯ ಸಮೇತ.

ಯಂತ್ರ ಪ್ರತಿಯೊಂದು ಅಕ್ಷರವನ್ನೂ ತಪ್ಪಿಲ್ಲದೆ ಬರೆದುಕೊಂಡಿತೆಂದೇ ಇಟ್ಟುಕೊಂಡರೂ ಸಾರಾಂಶದ ಹಂತದಲ್ಲಿ ಬೇರೆ ಅಪಾಯವಿದೆ. 'ನೋಡೋಣ' ಎಂಬ ಮಾತನ್ನು ಗಮನಿಸಬಹುದು. ರೂಪದಲ್ಲಿ ಅದು ಎಲ್ಲರೂ ಸೇರಿ ಮ���ಡೋಣ ಎಂಬ ಪ್ರೇರಣೆ. ಬಳಕೆಯಲ್ಲಿ ಹಲವು ಸಲ ಮುಖ ಮುರಿಯದ ನಿರಾಕರಣೆ. ಕನ್ನಡ ಬಲ್ಲವರು ಅದನ್ನು ದನಿಯ ಇಳಿತದಿಂದ, ನಂತರದ ಮೌನದಿಂದ, ಹೇಳಿದವರ ಸ್ಥಾನದಿಂದ ತಿಳಿಯುತ್ತಾರೆ. ಸಭೆಯ ಕೊನೆಗೆ 'ಮಾಡಬೇಕಾದ ಕೆಲಸಗಳು' ಎಂಬ ಪಟ್ಟಿಯನ್ನು ಹುಡುಕುವ ಸಾರಾಂಶಕ್ಕೆ 'ನೋಡೋಣ' ಒಂದು ಒಪ್ಪಂದವಾಗಿ ಕಂಡರೆ ಆಶ್ಚರ್ಯವಿಲ್ಲ.

ಮಾತನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಆಗಿಂದಾಗಲೇ ತಿರುಗಿಸುವ, ಹೇಳಿದವರ ಸ್ವರವನ್ನೇ ಅನುಕರಿಸಿ ನುಡಿಯುವ ಸೌಲಭ್ಯವೊಂದನ್ನು ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ಪ್ರಕಟಿಸಿತು. ಆರಂಭದ ಒಂಬತ್ತು ಭಾಷೆಗಳಲ್ಲಿ ಚೀನಿ, ಜಪಾನಿ, ಕೊರಿಯನ್ ಮತ್ತು ಯುರೋಪಿನ ಭಾಷೆಗಳಿದ್ದವು. ಭಾರತದ ದೇಶಭಾಷೆ ಒಂದೂ ಇರಲಿಲ್ಲ. ಗೂಗಲ್ ಮೀಟ್ 2025ರ ಮೇ ತಿಂಗಳಲ್ಲಿ ಇಂತಹುದೇ ಸೌಲಭ್ಯವನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ನಡುವೆ ಆರಂಭಿಸಿತು. ಕನ್ನಡದ ಮಾತನ್ನು ಗುರುತಿಸುವುದು ಯಂತ್ರಕ್ಕೆ ಅಸಾಧ್ಯವೆಂದು ಇದರಿಂದ ಭಾವಿಸಬೇಕಿಲ್ಲ. ಗೂಗಲ್‌ನ ಧ್ವನಿ ಬೆರಳಚ್ಚಿಗೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ 'ರೆಸ್ಪಿನ್' ಯೋಜನೆ ಒಂಬತ್ತು ಭಾರತೀಯ ಭಾಷೆಗಳ ಉಪಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿನ ಮಾತನ್ನು ಸಂಗ್ರಹಿಸಿದೆ, ಕನ್ನಡ ಅವುಗಳಲ್ಲೊಂದು. ಕಚೇರಿಯ ಬೆರಕೆ ಕನ್ನಡ ಮಾತ್ರ ಭಾಷಾವಿಜ್ಞಾನಿಗಳ ಅಲಕ್ಷ್ಯಕ್ಕೂ ಶುದ್ಧತಾವಾದಿಗಳ ಅಸಹನೆಗೂ ಒಮ್ಮೆಗೇ ಗುರಿಯಾಗಿದೆ. ಅದನ್ನು ಕಲಬೆರಕೆಯೆಂದು ತಳ್ಳಿಹಾಕುತ್ತ ಬಂದ ಕನ್ನಡ ವಿಭಾಗಗಳಿಗೂ ಇದರಲ್ಲಿ ಹೊಣೆಯಿದೆ.

ಮಾತು ಮುದ್ರಣವಾಗುತ್ತಿದೆ ಎಂಬ ಎಚ್ಚರಿಕೆಯನ್ನು ಯಾವ ಭಾಷೆಯಲ್ಲಿ ಕೊಡಬೇಕು? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸಮ್ಮತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿಯಾದರೂ ಪಡೆಯುವ ಆಯ್ಕೆ ವ್ಯಕ್ತಿಗೆ ಇರಬೇಕು. ಕನ್ನಡಕ್ಕೆ ದೊರೆತಿರುವ ಗಟ್ಟಿಯಾದ ಆಧಾರವಿದು. ಆದರೆ ಅದೇ ಕಾಯ್ದೆಯ 7ನೆಯ ಪ್ರಕರಣ ಉದ್ಯೋಗದ ಉದ್ದೇಶಗಳಿಗಾಗಿ ಸಮ್ಮತಿಯಿಲ್ಲದೆಯೂ ದತ್ತಾಂಶವನ್ನು ಬಳಸಲು ಎಡೆ ಕೊಡುತ್ತದೆ. ಸಮ್ಮತಿಯನ್ನೇ ಕೇಳಬೇಕಾಗಿಲ್ಲದ ಕಡೆ ಅದನ್ನು ಯಾವ ಭಾಷೆಯಲ್ಲಿ ಕೇಳಬೇಕೆಂಬ ಹಕ್ಕು ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ ಎಂಬುದು ಕಾನೂನು ಪಂಡಿತರು ಬಿಡಿಸಬೇಕಾದ ಗಂಟು. ಸಂಶೋಧಕರಿಗೂ ಇದು ಸಂಬಂಧಿಸಿದ್ದು, ಏಕೆಂದರೆ ಕಚೇರಿಯ ಮಾತನ್ನು ಅಧ್ಯಯನಕ್ಕೆ ಬಳಸುವವರು ಉದ್ಯೋಗದಾತರಲ್ಲ. ಅವರು ಪ್ರತಿಯೊಬ್ಬ ಭಾಷಿಕರ ಸಮ್ಮತಿಯನ್ನೂ ಅವರ ಭಾಷೆಯಲ್ಲಿಯೇ ಪಡೆಯುವುದು ಸರಿಯಾದ ಮಾರ್ಗ.

ಯಂತ್ರ ತಯಾರಿಸಿದ ಲಿಪ್ಯಂತರವನ್ನು ನೇರವಾಗಿ ದತ್ತಾಂಶವೆಂದು ಸ್ವೀಕರಿಸುವ ಆತುರ ಇತ್ತೀಚಿನ ದಿನಗಳಲ್ಲಿ ಸಹಜವಾದುದು. ಗಂಟೆಗಟ್ಟಲೆ ಕೈಯಿಂದ ಬರೆದುಕೊಳ್ಳುವ ಶ್ರಮ ಉಳಿಯುತ್ತದೆ. ಆದರೆ ಅನೇಕ ವ್ಯವಸ್ಥೆಗಳು ತೊದಲು ನುಡಿ, ಎಳೆತ, ಅರ್ಧಕ್ಕೆ ನಿಂತ ಪದಗಳನ್ನು ಕಸವೆಂದು ಬಿಟ್ಟುಬಿಡುತ್ತವೆ. ಗೇಲ್ ಜೆಫರ್ಸನ್ ರೂಪಿಸಿದ ಲಿಪ್ಯಂತರ ಕ್ರಮ ಉಸಿರನ್ನೂ ಮಾತಿನ ಮೇಲೆ ಬಿದ್ದ ಮಾತನ್ನೂ ಮೌನದ ಅಳತೆಯನ್ನೂ ಗುರುತಿಸುತ್ತದೆ. ಹೂಂಕಾರದ ಬಗೆಗಳು, 'ಅಂತೆ'ಯಂತಹ ಪ್ರತ್ಯಯಗಳು, ಇಂಗ್ಲಿಷ್ ಧಾತುವಿಗೆ ಅಂಟಿದ 'ಮಾಡು', 'ಆಗು'ಗಳಿಗೆ ಅದರಲ್ಲಿ ಕನ್ನಡದ ಗುರುತುಗಳನ್ನು ಸೇರಿಸಿಕೊಳ್ಳಬೇಕಾಗುತ್ತದೆ. ಜೊತೆಗೆ ಮೂಲ ಧ್ವನಿಯನ್ನು ಇಟ್ಟುಕೊಳ್ಳುವುದು ಅನಿವಾರ್ಯ. ಅಷ್ಟಾದರೂ ಒಂದು ಸಂಗತಿ ಯಾವ ಧ್ವನಿಮುದ್ರಿಕೆಯಲ್ಲಿಯೂ ದೊರೆಯುವುದಿಲ್ಲ: ಧ್ವನಿ ನಿಲ್ಲಿಸಿ ಕುಳಿತವರು ತಮ್ಮ ಕೋಣೆಯಲ್ಲಿ ಆಡಿದ 'ಹೂಂ'. ಸಭೆಯ ಇನ್ನೊಂದು ತುದಿಯಲ್ಲಿ, ಆ ಕೋಣೆಯಲ್ಲಿ ಕುಳಿತು ಟಿಪ್ಪಣಿ ಮಾಡಿಕೊಳ್ಳುವ ಕ್ಷೇತ್ರಕಾರ್ಯಕರ್ತರಿಗೆ ಮಾತ್ರ ಅದು ಕೇಳಿಸೀತು.